ಆಕಾಶವಾಣಿ ಕೇರಿಗೆ ಬಂದದ್ದು ಯಾವಾಗ?

ನಮ್ಮ ಕಡೆ ಹಳೆಯ ಮಂದಿ 'ರೇಡಿಯೋ ಹಚ್ಚು' ಅನ್ನುವುದಿಲ್ಲ. 'ಧಾರವಾಡ ಹಚ್ಚು' ಅನ್ನುತ್ತಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ರೇಡಿಯೋ ಅಂದರೆ ಧಾರವಾಡ. ಮುಳ್ಳು ತಿರುವಿ ಬೇರೆ ಊರು ಹಿಡಿಯಬಹುದಿತ್ತು, ಖರೆ. ಆದರೆ ನಮ್ಮ ಮಾತು, ನಮ್ಮ ಮಳೆ, ನಮ್ಮ ಪೇಟೆಯ ಧಾರಣಿ ಅಲ್ಲಿಂದಲೇ ಬರಬೇಕಿತ್ತು.

ಈ ನಿಲಯದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಸ್ಟುಡಿಯೋದ ಒಳಗಿನಿಂದ ಹೇಳುತ್ತಾರೆ. ಯಾವ ಪಂಡಿತರು ಹಾಡಿದರು, ಯಾವ ಕವಿ ಮಾತಾಡಿದರು ಎಂದು. ಅದು ಸುಳ್ಳಲ್ಲ, ಆದರೆ ಅರ್ಧ. ಇನ್ನರ್ಧ ಕಟ್ಟೆಯ ಕೆಳಗೆ ನಿಂತು ಕೇಳಿದವರದು. ನಾವು ಆ ಕಡೆಯಿಂದ ಹೇಳುತ್ತೇವೆ.

ನಮ್ಮ ಅಜ್ಜಂದಿರ ನೆನಪಿನಲ್ಲಿ ಒಂದು ಪಂಚಾಯ್ತಿ ರೇಡಿಯೋ ಇದೆ. ಊರಿನ ಹೆಸರು ಬೇಡ. ಗುಡಿಯ ಪೌಳಿಯಲ್ಲಿ ಕಟ್ಟಿಗೆಯ ಪೆಟ್ಟಿಗೆ, ಅದಕ್ಕೊಂದು ಕೀಲಿ. ಕೀಲಿಕೈ ದೊಡ್ಡವರ ಮನೆಯಲ್ಲಿ. ಸಂಜೆ ಪೆಟ್ಟಿಗೆ ತೆರೆದಾಗ ಊರ ಮಂದಿ ಕಟ್ಟೆಯ ಮೇಲೆ, ಕೇರಿಯ ಮಂದಿ ಓಣಿಯಲ್ಲಿ. ಅಜ್ಜ ಹೇಳುತ್ತಿದ್ದ: "ಸುದ್ದಿ ಅರ್ಧಾ ಕೇಳತಿತ್ತು, ಹಾಡ ಪೂರಾ ಕೇಳತಿತ್ತು. ಹಾಡಿಗೆ ಹತ್ರ ಹೋಗೂದ ಬ್ಯಾಡಲ್ಲ, ಅದ ನಮ್ಮ ಕಡಿ ಬರತೈತಿ." ಗಾಳಿಗೆ ಮೈಲಿಗೆ ಇರಲಿಲ್ಲ, ಪೆಟ್ಟಿಗೆಗೆ ಇತ್ತು.

ಇಲ್ಲಿಂದ ನಮ್ಮ ಪ್ರಶ್ನೆ ಹುಟ್ಟುತ್ತದೆ. ಕೇಳುವಾಗ ನಾವು ಹೊರಗೆ ನಿಂತಿದ್ದೆವು. ಹಾಡುವಾಗ ಎಲ್ಲಿದ್ದೆವು?

೧

ಮೊದಲು ಕಾಲದ ಲೆಕ್ಕ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಸ್ವಂತ ಆಸಕ್ತಿಯಿಂದ ಒಂದು ಬಾನುಲಿ ನಿಲಯ ಶುರು ಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿ ಚಾಲ್ತಿಗೆ ಬಂತು. ಮುಂದೆ ಇಡೀ ದೇಶದ ಸರಕಾರಿ ರೇಡಿಯೋ ಆ ಹೆಸರನ್ನು ತನ್ನದಾಗಿಸಿಕೊಂಡಿತು.

ನಮ್ಮ ಸೀಮೆ ಆಗ ಮೈಸೂರಿನದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯವು. ರಾಮದುರ್ಗ ಒಂದು ಪುಟ್ಟ ಸಂಸ್ಥಾನ. ೧೯೩೯ರಲ್ಲಿ ಅಲ್ಲಿನ ಪ್ರಜೆಗಳು ದಂಗೆ ಎದ್ದರು, ೧೯೪೮ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಕರಗಿತು. ಸ್ವಾತಂತ್ರ್ಯ ಬಂದಾಗ ಭಾರತ ಸರಕಾರದ ಕೈಯಲ್ಲಿದ್ದ ನಿಲಯಗಳು ಆರು: ದಿಲ್ಲಿ, ಮುಂಬಯಿ, ಕಲಕತ್ತಾ, ಮದರಾಸು, ತಿರುಚಿರಾಪಳ್ಳಿ, ಲಖನೌ. ಕನ್ನಡದ ನೆಲದಲ್ಲಿ ಒಂದೂ ಇಲ್ಲ.

೧೯೫೦ರ ಜನವರಿ ೮ರಂದು ಧಾರವಾಡ ನಿಲಯ ಶುರುವಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಮೈಸೂರಿನ ನಿಲಯ ಕೇಂದ್ರದ ವಶಕ್ಕೆ ಬಂತು, ೧೯೫೫ರಲ್ಲಿ ಬೆಂಗಳೂರಿಗೆ ಹೋಯಿತು. ಕರ್ನಾಟಕದ ಏಕೀಕರಣ ಆದದ್ದು ೧೯೫೬ರ ನವೆಂಬರ್ ೧ಕ್ಕೆ. ಅಂದರೆ ಮುಂಬಯಿ ಆಳ್ವಿಕೆಯ ಕನ್ನಡಿಗರಿಗೆ ನೆಲ ಒಂದಾಗುವ ಆರು ವರ್ಷ ಮೊದಲೇ ಒಂದು ದನಿ ಸಿಕ್ಕಿತ್ತು. ಇದು ಸಣ್ಣ ಸಂಗತಿಯಲ್ಲ. ಕಚೇರಿಯಲ್ಲಿ ಇಂಗ್ಲಿಷು, ಪೇಟೆಯಲ್ಲಿ ಮರಾಠಿ ಜೋರಾಗಿದ್ದ ಜಿಲ್ಲೆಯಲ್ಲಿ ಸಂಜೆ ಹೊತ್ತಿಗೆ ಪೆಟ್ಟಿಗೆ ಕನ್ನಡ ಮಾತಾಡಿತು.

ಇನ್ನೂ ಒಂದು ತಾರೀಖನ್ನು ನಾವು ಪಕ್ಕಕ್ಕಿಟ್ಟು ನೋಡಬೇಕು. ಧಾರವಾಡ ರೇಡಿಯೋ ಶುರುವಾದ ಹದಿನೆಂಟನೆಯ ದಿನ, ೧೯೫೦ರ ಜನವರಿ ೨೬ರಂದು, ಸಂವಿಧಾನ ಜಾರಿಗೆ ಬಂತು. ಅದರ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ರೇಡಿಯೋ ಮತ್ತು ಸಂವಿಧಾನ ಒಂದೇ ತಿಂಗಳಲ್ಲಿ ಹುಟ್ಟಿದ ಕೂಸುಗಳು. ಎರಡೂ ಊರಿಗೆ ಬಂದವು. ಕೇರಿಗೆ ಬರಲು ಎರಡಕ್ಕೂ ತಡವಾಯಿತು.

೨

ರೇಡಿಯೋ ಬರುವ ಮೊದಲು ನಮ್ಮ ನಾಲ್ಕು ಸೀಮೆಗಳು ಮೂಕವಾಗಿದ್ದವೇ? ಇಲ್ಲ. ಇಡೀ ಕನ್ನಡ ನಾಡಿನಲ್ಲಿ ಇಷ್ಟು ಹಾಡು ತುಂಬಿದ ನೆಲ ಹುಡುಕಿದರೂ ಸಿಗುವುದು ಕಷ್ಟ.

೧೮೨೪ರಲ್ಲಿ ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಸತ್ತ. ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸರಕಾರಿ ಕಡತದಲ್ಲಿ ರಾಯಣ್ಣ ಬಂಡುಕೋರ. ಅವನನ್ನು ವೀರನಾಗಿ ಉಳಿಸಿದವರು ಲಾವಣಿಕಾರರು. ನಮ್ಮಲ್ಲಿ ಬಂಡಾಯದ ಚರಿತ್ರೆ ಮೊದಲು ಬರೆದದ್ದಲ್ಲ, ಹಾಡಿದ್ದು. ೧೮೮೦ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ರಾಯಣ್ಣನ ಲಾವಣಿಯನ್ನು ಅಚ್ಚು ಹಾಕಿಸಿದ. ಫ್ಲೀಟನ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಆ ಹಾಡನ್ನು ಅರ್ಧ ಶತಮಾನದಷ್ಟು ಕಾಲ ಗಂಟಲಲ್ಲಿ ಹೊತ್ತು ತಂದವರನ್ನು ಇವತ್ತು ಯಾರು ನೆನೆಯುತ್ತಾರೆ?

ಬೈಲಹೊಂಗಲದಲ್ಲಿ ನಡೆದ ಒಂದು ಕೊಲೆ ಸಂಗ್ಯಾ-ಬಾಳ್ಯಾ ಸಣ್ಣಾಟವಾಯಿತು. ದೇವರ ಆಟ, ರಾಜರ ಆಟ ನೋಡಿದ್ದ ಮಂದಿ ತಮ್ಮಂಥವರ ಪ್ರೀತಿ, ದ್ರೋಹವನ್ನು ರಾತ್ರಿಯಿಡೀ ಕೂತು ನೋಡಿದರು. ಸಣ್ಣಾಟ, ಪಾರಿಜಾತಗಳಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಿದಳು. ಹಾಗೆ ರಂಗಕ್ಕೆ ಬಂದವರಲ್ಲಿ ಅನೇಕರು ದೇವರಿಗೆ ಬಿಟ್ಟ ಮನೆತನದವರು. ರಾಮದುರ್ಗ ತಾಲೂಕಿನ ಹುಲಕುಂದ ಗೀಗೀ ಪದಕ್ಕೆ ಹೆಸರಾದ ಊರು. ದಪ್ಪು, ತುಂತುಣಿ, ತಾಳ ಹಿಡಿದು ಸ್ವಾತಂತ್ರ್ಯದ ಮಾತನ್ನು ಓದು ಬಾರದ ಮಂದಿಗೆ ಮುಟ್ಟಿಸಿದವರು ಗೀಗೀ ಮೇಳದವರು. ಹರದೇಶಿ-ನಾಗೇಶಿಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳತನಕ ವಾದ. ಪತ್ರಿಕೆ ಇಲ್ಲದ ಕಾಲದಲ್ಲಿ ಅದೇ ನಮ್ಮ ಪತ್ರಿಕೆ, ಅದೇ ನಮ್ಮ ಸಭೆ.

ಇನ್ನು ಸವದತ್ತಿಯ ಯಲ್ಲಮ್ಮನ ಗುಡ್ಡ. ಹುಣ್ಣಿವೆಗೆ ಲಕ್ಷ ಮಂದಿ ಸೇರುವ ಗುಡ್ಡ. ಅಲ್ಲಿ ಜೋಗತಿಯರ ಚೌಡಿಕೆ. ಕಂಕುಳಲ್ಲಿ ಒತ್ತಿ ಹಿಡಿದು ಒಂದೇ ತಂತಿಯನ್ನು ಮೀಟುವ ಆ ವಾದ್ಯ ಕೆಲವೊಮ್ಮೆ ಅತ್ತಂತೆ, ಕೆಲವೊಮ್ಮೆ ಬೈದಂತೆ ಕೇಳುತ್ತದೆ. ರೇಣುಕೆಯ ತಲೆ ಕಡಿದ ಕತೆಯನ್ನು ಪುರಾಣಿಕರೂ ಹೇಳುತ್ತಾರೆ, ಜೋಗತಿಯರೂ ಹಾಡುತ್ತಾರೆ. ಪುರಾಣಿಕರಿಗೆ ಅದು ತಂದೆಯ ಮಾತು ಪಾಲಿಸಿದ ಮಗನ ಕತೆ. ಜೋಗತಿಯ ಬಾಯಲ್ಲಿ ಅದು ತಲೆ ಕಳಕೊಂಡ ತಾಯಿಯ ಕತೆ.

ಇಷ್ಟು ಹಾಡು ಇಟ್ಟುಕೊಂಡ ನೆಲದ ಪಕ್ಕದಲ್ಲೇ ನಿಲಯ ಎದ್ದಿತು.

೩

ಆಕಾಶವಾಣಿ ಅಖಿಲ ಭಾರತದ್ದು. ಅದರ ನೇಮಗಳು ದಿಲ್ಲಿಯಲ್ಲಿ ಆಗುತ್ತಿದ್ದವು. ಧಾರವಾಡದ ಮಂದಿ ಎಷ್ಟೇ ಒಳ್ಳೆಯವರಾಗಿದ್ದರೂ ಆ ಜರಡಿ ಹಿಡಿಯಲೇಬೇಕಿತ್ತು. ಜರಡಿಯ ಕಣ್ಣುಗಳನ್ನು ಒಂದೊಂದಾಗಿ ನೋಡೋಣ.

ಒಂದು, ಹಾರ್ಮೋನಿಯಂ. ಅದು ಭಾರತೀಯ ಸಂಗೀತಕ್ಕೆ ಒಗ್ಗದ ಪರದೇಶಿ ವಾದ್ಯ ಎಂದು ೧೯೪೦ರಲ್ಲಿ ರೇಡಿಯೋದಿಂದ ಹೊರಹಾಕಿದರು. ೧೯೭೧ರವರೆಗೆ ಬಾಗಿಲು ಮುಚ್ಚಿತ್ತು, ಆಮೇಲೂ ಪೂರ್ತಿ ತೆರೆಯಲಿಲ್ಲ. ಪಂಡಿತರಿಗೆ ಅದು ಶ್ರುತಿಯ ಪ್ರಶ್ನೆ. ನಮ್ಮ ಕಡೆ ಭಜನಾ ಮೇಳ, ನಾಟಕ ಕಂಪನಿ, ಸಣ್ಣಾಟದ ಹಿಮ್ಮೇಳ ಎಲ್ಲಾ ನಿಂತದ್ದು ಪೇಟಿಯ ಮೇಲೆ. ಗುರುವಿನ ಮನೆಯಲ್ಲಿ ಹತ್ತು ವರ್ಷ ಕೂತು ಕಲಿಯಲಾಗದ ಬಡವ ಪೇಟಿಯ ಮನೆ ಒತ್ತಿ ಸ್ವರ ಹಿಡಿಯುತ್ತಿದ್ದ.

ಎರಡು, ಪರೀಕ್ಷೆ. ಬಿ.ವಿ. ಕೇಸ್ಕರ್ ೧೯೫೨ರಿಂದ ೧೯೬೨ರವರೆಗೆ ವಾರ್ತಾ ಮತ್ತು ಪ್ರಸಾರ ಮಂತ್ರಿ. ದೇಶದ ಕಿವಿಯನ್ನು ಶುದ್ಧ ಮಾಡುತ್ತೇನೆಂದು ಹೊರಟವರು. ಸಿನೆಮಾ ಹಾಡನ್ನು ಅಟ್ಟಿದರು, ಮಂದಿ ರೇಡಿಯೋ ಸಿಲೋನ್ ಕಡೆ ಹೋದರು. ಕೊನೆಗೆ ಸರಕಾರವೇ ಸೋತು ೧೯೫೭ರಲ್ಲಿ ವಿವಿಧ ಭಾರತಿ ಶುರು ಮಾಡಿತು. ಕಲಾವಿದರನ್ನು ಪರೀಕ್ಷೆ ಮಾಡಿ ದರ್ಜೆ ಕೊಡುವ ಪದ್ಧತಿ ಗಟ್ಟಿಯಾದದ್ದು ಅದೇ ಕಾಲಕ್ಕೆ. ಪರೀಕ್ಷೆ ಇದ್ದದ್ದು ತಪ್ಪೆಂದು ನಾವು ಹೇಳುವುದಿಲ್ಲ. ವಶೀಲಿಗಿಂತ ಪರೀಕ್ಷೆ ಚಲೋ. ಆದರೆ ಅರ್ಜಿ ಬರೆಯಬೇಕು, ಅಂಚೆಯಲ್ಲಿ ಕರೆ ಬರಬೇಕು, ಕೂಲಿ ಬಿಟ್ಟು ಪೇಟೆಗೆ ಹೋಗಬೇಕು, ಗಡಿಯಾರದ ಮುಂದೆ ಹಾಡಬೇಕು. ರಾತ್ರಿ ಹತ್ತಕ್ಕೆ ಎತ್ತಿ ಕೋಳಿ ಕೂಗುವಾಗ ಇಳಿಸುವ ಪದವನ್ನು ಹತ್ತು ನಿಮಿಷಕ್ಕೆ ಕೊಯ್ದರೆ ಏನು ಉಳಿಯುತ್ತದೆ? ಸಹಿ ಮಾಡಲು ಬಾರದವರಿಗೆ ಆ ಅರ್ಜಿಯ ಮೊದಲ ಸಾಲೇ ಗೋಡೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಸರದಾರ ಪಟೇಲರು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದಾಗ, ಖಾಸಗಿ ಬದುಕು ಲೋಕದ ಬಾಯಿಗೆ ಬಿದ್ದವರನ್ನು ರೇಡಿಯೋದಲ್ಲಿ ಹಾಡಿಸಬಾರದು ಎಂಬ ನಿಲುವು ಬಂತು. ಅದರ ಗುರಿ ಉತ್ತರದ ಬಾಯಿಯರು. ಯಲ್ಲಮ್ಮನ ಗುಡ್ಡ ಆ ಅಧಿಕಾರಿಗಳಿಗೆ ಗೊತ್ತಿತ್ತೋ ಇಲ್ಲವೋ. ಆದರೆ ಆ ಅಳತೆಗೋಲನ್ನು ತಂದು ನಮ್ಮ ನೆಲದಲ್ಲಿ ಇಟ್ಟು ನೋಡಿ. ಜೋಗತಿಯ ಖಾಸಗಿ ಬದುಕು ಯಾವುದು? ಹತ್ತು-ಹನ್ನೆರಡು ವರ್ಷದ ಕೂಸಿಗೆ ಮುತ್ತು ಕಟ್ಟಿದವರು ಯಾರು? ಅವಳನ್ನು ಊರ ಸೊತ್ತು ಮಾಡಿದವರು ಯಾರು? ಲೋಕದ ಬಾಯಿಗೆ ಬಿದ್ದವಳು ಅವಳು. ಬೀಳಿಸಿದವನು ಕಟ್ಟೆಯ ಮೇಲೆ ಕೂತು ಸಂಗೀತ ಸಭೆ ಕೇಳುತ್ತಿದ್ದ. ಅವನ ಖಾಸಗಿ ಬದುಕನ್ನು ಯಾವ ನೇಮವೂ ಕೇಳಲಿಲ್ಲ.

೪

ಇಷ್ಟು ಹೇಳಿ ನಿಲ್ಲಿಸಿದರೆ ನಾವೂ ಅರ್ಧ ಚರಿತ್ರೆ ಹೇಳಿದಂತೆ.

ಧಾರವಾಡ ನಿಲಯ ಮಾಡಿದ ಕೆಲಸವನ್ನು ಇಲ್ಲವೆನ್ನಲಾಗದು. ಬೇಂದ್ರೆ ೧೯೫೬ರಿಂದ ಅದರ ಸಲಹೆಗಾರರಾಗಿದ್ದರು. ಎನ್ಕೆ ಅಲ್ಲಿ ದುಡಿದರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರು. ಪುಸ್ತಕದ ಕನ್ನಡಕ್ಕೆ ಅಂಜುತ್ತಿದ್ದ ಮಂದಿಗೆ 'ಹಿಂಗೂ ಮಾತಾಡಬಹುದು' ಎಂಬ ಧೈರ್ಯ ಬಂದದ್ದು ರೇಡಿಯೋದಲ್ಲಿ ನಮ್ಮ ಕಡೆಯ ಮಾತು ಕೇಳಿದ ಮೇಲೆ. ಜಾನಪದ ಎಂಬ ಹೆಸರಿನಲ್ಲಿ ಲಾವಣಿ, ಗೀಗೀ, ಡೊಳ್ಳಿನ ಪದ ಗಾಳಿಗೆ ಬಂದವು. ಊರೂರಿನ ಮೇಳದವರು ಸ್ಟುಡಿಯೋದ ಮೆಟ್ಟಿಲು ಹತ್ತಿದರು.

ಗಂಗೂಬಾಯಿ ಹಾನಗಲ್ಲರನ್ನು ನೆನೆಯದೆ ಈ ಮಾತು ಮುಂದೆ ಹೋಗದು. ೧೯೨೪ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. ಹನ್ನೊಂದರ ಹುಡುಗಿ ಗಂಗೂ ಸ್ವಾಗತ ಗೀತೆ ಹಾಡಿದಳು. ಹಾಡು ಮುಗಿದ ಮೇಲೆ, ಊಟದ ಎಂಜಲೆಲೆ ಎತ್ತಲು ಎಲ್ಲಿ ನಮ್ಮನ್ನೇ ಕರೆಯುತ್ತಾರೋ ಎಂದು ಹೆದರಿದ್ದನ್ನು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಹುಡುಗಿಯ ದನಿ ಮುಂದೆ ದೇಶದ ದನಿಯಾಯಿತು. ರೇಡಿಯೋ ಅದನ್ನು ಮನೆಮನೆಗೆ ಒಯ್ದಿತು. ಯಾರ ಎದುರು ಎಲೆ ಎತ್ತಬೇಕಾದೀತೆಂದು ಹೆದರಿದ್ದಳೋ ಅವರ ಪಡಸಾಲೆಯಲ್ಲಿ ಅವಳ ದನಿ ಗದ್ದಿಗೆ ಹಾಕಿ ಕೂತಿತು.

ಖರೆ, ಆ ಬಾಗಿಲು ತೆರೆದದ್ದು ರಾಗದ ಕೀಲಿಕೈಯಿಂದ. ಗುರು, ಘರಾಣೆ, ಖಯಾಲು ಇದ್ದವರಿಗೆ ಹೆಸರು ಸಿಕ್ಕಿತು. ಚೌಡಿಕೆ ಹಿಡಿದವಳಿಗೆ? ಅವಳ ಹಾಡಿಗೆ 'ಜಾನಪದ' ಎಂಬ ಹೆಸರು ಬಂತು. ಜಾನಪದ ಅಂದರೆ ಯಾರೂ ಕಟ್ಟಿಲ್ಲ, ಎಲ್ಲರೂ ಕಟ್ಟಿದ್ದು ಎಂದು ಮೇಷ್ಟ್ರು ಪಾಠ ಮಾಡುತ್ತಾರೆ. ಯಾರೂ ಕಟ್ಟಿಲ್ಲದ್ದನ್ನು ಯಾರು ಬೇಕಾದರೂ ತಗೊಂಡು ಹೋಗಬಹುದು.

ನಮ್ಮ ಕೇರಿಯ ಒಬ್ಬ ಆಯಿ ಗುಡ್ಡದ ಹಾಡು ಹಾಡುತ್ತಿದ್ದಳು. ಒಮ್ಮೆ ಟ್ರಾನ್ಸಿಸ್ಟರಿನಲ್ಲಿ ಯಾರೋ ಕಲಿತ ದನಿಯವರು ಅಂಥದೇ ಒಂದು ಹಾಡು ಹಾಡಿದರು. ಹುಡುಗರು ಕೇಳಿದರು: "ಆಯಿ, ಹೆಂಗೈತಿ?" ಆಯಿ ಎಲೆ ಅಡಿಕೆ ಜಗಿಯುತ್ತಾ ಅಂದಳು: "ದನಿ ಚಲೋ ಐತಿ ತಮ್ಮಾ. ಖರೆ, ಆಕಿ ಹಸದಿಲ್ಲ."

"ನೀ ಯಾಕ ರೇಡಿಯೋದಾಗ ಹಾಡಲಿಲ್ಲ?"

"ನಮ್ಮಂಥಾರ್ನ ಯಾರ ಕರೀತಾರೋ ಯಪ್ಪಾ? ಕರದ್ರೂ, ಹೆಸರ ಏನಂತ ಹೇಳ್ಲಿ?"

ಆ ಎರಡನೆಯ ಮಾತು ನಮ್ಮನ್ನು ಇನ್ನೂ ಚುಚ್ಚುತ್ತದೆ. ಅವಳಿಗೆ ಹೆಸರಿತ್ತು. ಊರು ಆ ಹೆಸರನ್ನು ಬೈಗುಳ ಮಾಡಿಟ್ಟಿತ್ತು.

೫

ಇದು ನಮ್ಮೊಬ್ಬರ ಕತೆಯಲ್ಲ. ಧಾರವಾಡ ನಿಲಯ ಶುರುವಾಗುವ ಹೊತ್ತಿಗೇ ಅಮೆರಿಕದ ಮೆಂಫಿಸ್ ಊರಿನಲ್ಲಿ ಡಬ್ಲ್ಯುಡಿಐಎ ಎಂಬ ರೇಡಿಯೋ ನಿಲಯ ಕರಿಯರಿಗಾಗಿ, ಕರಿಯರ ದನಿಯಲ್ಲೇ ಕಾರ್ಯಕ್ರಮ ಮಾಡತೊಡಗಿತ್ತು. ಯಜಮಾನರು ಬಿಳಿಯರು. ಹತ್ತಿ ಹೊಲದ ಕೂಲಿಗಳ ದುಃಖದಿಂದ ಹುಟ್ಟಿದ ಬ್ಲೂಸ್ ಹಾಡು ಅಲ್ಲಿಂದ ಗಾಳಿಗೆ ಹಾರಿತು. ಆ ಬ್ಲೂಸಿನ ಹೊಟ್ಟೆಯಿಂದ ರಾಕ್ ಸಂಗೀತ ಬಂತು. ೧೯೫೨ರಲ್ಲಿ ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಹೆಣ್ಣುಮಗಳು ತನಗಾಗಿ ಬರೆದ ಒಂದು ಹಾಡನ್ನು ಧ್ವನಿಮುದ್ರಿಸಿದಳು. ೧೯೫೬ರಲ್ಲಿ ಅದೇ ಹಾಡನ್ನು ಎಲ್ವಿಸ್ ಪ್ರೀಸ್ಲಿ ಹಾಡಿ ಲೋಕವನ್ನೇ ಗೆದ್ದ. ಇವತ್ತು ಅಮೆರಿಕದ ಊರೂರಿನಲ್ಲಿ ಹಳೆಯ ರಾಕ್ ಹಾಡುಗಳನ್ನಷ್ಟೇ ಹಾಕುವ ನಿಲಯಗಳಿವೆ. ಒಂದು ಕಾಲದ ಬಂಡಾಯದ ಹಾಡಿಗೆ ಈಗ 'ಕ್ಲಾಸಿಕ್' ಎಂಬ ಪಟ್ಟ. ಆ ಪಟ್ಟದಲ್ಲಿ ಹತ್ತಿ ಹೊಲದವರ ಪಾಲು ಎಷ್ಟು ಎಂದು ಕೇಳುವವರು ಅಲ್ಲಿಯೂ ಇದ್ದಾರೆ.

ಹತ್ತಿ ಹೊಲ ಬೈಲಹೊಂಗಲಕ್ಕೂ ಹೊಸದಲ್ಲ. ನಮ್ಮಲ್ಲಿ ಲಾವಣಿಗೆ, ಚೌಡಿಕೆಗೆ ಈಗ ಉತ್ಸವದ ವೇದಿಕೆ ಸಿಕ್ಕಿದೆ. ಒಳ್ಳೆಯದೇ. ಆದರೆ ಹಾಡು 'ಪರಂಪರೆ' ಆಗುತ್ತಿದ್ದಂತೆ ಅದನ್ನು ಹಡೆದ ನೋವು ಮರೆಯಾಗುತ್ತದೆ. ಅದಕ್ಕೆ ನಾವು ಎಚ್ಚರ ಇರಬೇಕು.

೬

ಇಲ್ಲಿ ನಮ್ಮೊಳಗೇ ಒಂದು ಜಗಳವಿದೆ. ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಗೆಳೆಯರಲ್ಲಿ ಕೆಲವರು ಕೇಳುತ್ತಾರೆ: ಚೌಡಿಕೆ ಹಾಡು ಉಳಿಸಿ ಏನು ಮಾಡುತ್ತೀರಿ? ಅದು ಮುತ್ತು ಕಟ್ಟುವ ಪದ್ಧತಿಯ ಹಾಡು. ಪದ್ಧತಿ ಸಾಯಲಿ, ಹಾಡೂ ಸಾಯಲಿ.

ಮಾತಿನಲ್ಲಿ ಬಲವಿದೆ. ಮುಂಬಯಿ ಪ್ರಾಂತ ೧೯೩೪ರಲ್ಲಿ ದೇವದಾಸಿಯರ ರಕ್ಷಣೆಗೆ ಕಾಯಿದೆ ಮಾಡಿತು. ಕರ್ನಾಟಕ ೧೯೮೨ರಲ್ಲಿ ದೇವರಿಗೆ ಬಿಡುವುದನ್ನೇ ನಿಷೇಧಿಸಿ ಕಾಯಿದೆ ಮಾಡಿತು. ಎರಡು ಕಾಯಿದೆಗಳ ನಡುವಿನ ಅರ್ಧ ಶತಮಾನದಲ್ಲಿ ಎಷ್ಟು ಕೂಸುಗಳ ಕೊರಳಿಗೆ ಮುತ್ತು ಬಿತ್ತೋ. ಆ ಮುತ್ತಿನ ಪರವಾಗಿ ಯಾವ ಸಂಸ್ಕೃತಿಯ ಹೆಸರಿನಲ್ಲೂ ನಾವು ಒಂದು ಮಾತು ಆಡುವುದಿಲ್ಲ.

ಆದರೆ ಹಾಡು ಮುತ್ತಿನದಲ್ಲ. ಮುತ್ತು ಕಟ್ಟಿದವರು ಅವಳ ಮೈ ಕಸಿದರು, ಹೊಲ ಕೊಡಲಿಲ್ಲ, ಮಕ್ಕಳಿಗೆ ಅಪ್ಪನ ಹೆಸರು ಕೊಡಲಿಲ್ಲ. ಅವರು ಕಸಿಯಲಾಗದೆ ಉಳಿದದ್ದು ಹಾಡು ಒಂದೇ. ಗಂಡ ತಲೆ ಕಡಿಸಿದ ಹೆಣ್ಣನ್ನು ದೇವತೆ ಮಾಡಿ, ಅವಳೆದುರು ತನ್ನ ಸಿಟ್ಟನ್ನು ಹಾಡಿದಳು. ಪದ್ಧತಿ ಸಾಯಬೇಕು, ಸಾಕ್ಷಿ ಬದುಕಬೇಕು. ಕೋರ್ಟಿನಲ್ಲಿ ಅಪರಾಧ ಸಾಬೀತಾಗುವ ಮೊದಲೇ ಸಾಕ್ಷಿಯನ್ನು ಸುಟ್ಟುಹಾಕುವವರು ಯಾರು? ನಾವಲ್ಲ.

೭

ಪೆಟ್ಟಿಗೆಯ ಕೀಲಿಕೈ ಕೊನೆಗೆ ಯಾರ ಕೈಗೆ ಬಂತು?

೧೯೬೦-೭೦ರ ದಶಕಗಳಲ್ಲಿ ಟ್ರಾನ್ಸಿಸ್ಟರ್ ಬಂದು ಪೌಳಿಯ ಪೆಟ್ಟಿಗೆಯ ದೌಲತ್ತು ಮುರಿಯಿತು. ಕರೆಂಟು ಬೇಡ, ಸೆಲ್ ಸಾಕು. ಅಂಚೆ ಕಚೇರಿಯಲ್ಲಿ ವರ್ಷ ವರ್ಷ ರೊಕ್ಕ ಕಟ್ಟಿ ಲೈಸೆನ್ಸ್ ಮಾಡಿಸಬೇಕಿತ್ತು, ಆ ಕಾಟವೂ ೧೯೮೦ರ ದಶಕದಲ್ಲಿ ಹೋಯಿತು. ರಾಮದುರ್ಗದ ನೇಕಾರ ಮಗ್ಗದ ಗೂಟಕ್ಕೆ ರೇಡಿಯೋ ತೂಗುಹಾಕಿದ. ಕುರಿ ಕಾಯುವವನು ಹೆಗಲಿಗೆ ಹಾಕಿದ. ಕೇರಿಯ ಹುಡುಗ ಕಟ್ಟೆಗೆ ಬೆನ್ನು ತಿರುಗಿಸಿ ತನ್ನ ಅಂಗಳದಲ್ಲಿ ಕೂತು ಧಾರವಾಡ ಹಚ್ಚಿದ. ಗುಡಿ ಪ್ರವೇಶಕ್ಕೆ ಕಾಯದೆ ಸಿಕ್ಕ ಬಿಡುಗಡೆ ಅದು. ಸಣ್ಣದಿರಬಹುದು, ಸುಳ್ಳಲ್ಲ.

೧೯೫೪ರ ಅಕ್ಟೋಬರಿನಲ್ಲಿ ಬಾಬಾಸಾಹೇಬರು ಇದೇ ಆಕಾಶವಾಣಿಯಲ್ಲಿ ಮಾತಾಡಿದ್ದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವವನ್ನು ತಾವು ಕಲಿತದ್ದು ಫ್ರೆಂಚ್ ಕ್ರಾಂತಿಯಿಂದಲ್ಲ, ಬುದ್ಧನಿಂದ ಎಂದು ಹೇಳಿದ್ದರು. ಆ ದಿನ ಎಷ್ಟು ಕೇರಿಗಳಲ್ಲಿ ರೇಡಿಯೋ ಇತ್ತು? ದನಿ ಗಾಳಿಯಲ್ಲಿತ್ತು, ಕೇಳಬೇಕಾದವರ ಕೈಯಲ್ಲಿ ಪೆಟ್ಟಿಗೆ ಇರಲಿಲ್ಲ.

೧೯೯೫ರಲ್ಲಿ ಸುಪ್ರೀಂ ಕೋರ್ಟು ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದಿತು. ೨೦೦೬ರ ನೀತಿಯಿಂದ ಸಂಘ-ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸುವ ದಾರಿ ತೆರೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ೨೦೦೭ರಲ್ಲಿ ರೈತರಿಗಾಗಿ ಒಂದನ್ನು ಶುರು ಮಾಡಿತು. ನೆರೆಯ ತೆಲುಗು ನಾಡಿನ ಮಾಚನೂರಿನಲ್ಲಿ ೨೦೦೮ರಲ್ಲಿ ಶುರುವಾದ ಸಂಘಂ ರೇಡಿಯೋವನ್ನು ದಲಿತ ಹೆಣ್ಣುಮಕ್ಕಳೇ ನಡೆಸಿದರು. ಬೀಜದ ಮಾತು, ಹಬ್ಬದ ಮಾತು, ತಮ್ಮ ಹಾಡು. ಯಾವ ಪರೀಕ್ಷಕರ ಎದುರೂ ಕೈಕಟ್ಟಿ ನಿಲ್ಲಲಿಲ್ಲ. ಮಾಚನೂರಿನಲ್ಲಿ ಆದದ್ದು ಸವದತ್ತಿಯಲ್ಲಿ ಯಾಕೆ ಆಗಬಾರದು?

ಅದು ಆಗುವವರೆಗೆ ಕಾಯುತ್ತಾ ಕೂರುವುದೂ ಬೇಡ. ಗುಡ್ಡದ ಹಾಡಿನ ಆಯಂದಿರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನಮ್ಮ ಕೇರಿಯ ಆ ಆಯಿ ಹೋದಳು. ಅವಳ ಒಂದು ಹಾಡೂ ನಮ್ಮ ಬಳಿ ಇಲ್ಲ. ತಪ್ಪು ರೇಡಿಯೋದ್ದಲ್ಲ, ನಮ್ಮದು. ನಾವು ಓದಲು ಪೇಟೆಗೆ ಹೋಗಿದ್ದೆವು, ಬಿ.ಎ. ಮಾಡಿ ಜಾನಪದದ ಮೇಲೆ ಟಿಪ್ಪಣಿ ಬರೆಯುತ್ತಿದ್ದೆವು.

ಹಳ್ಳಿಯ ಸಾಲಿ ಮೇಷ್ಟ್ರೇ, ಕಾಲೇಜಿನ ಗೆಳೆಯರೇ, ಈಗ ಎಲ್ಲರ ಕಿಸೆಯಲ್ಲೂ ದನಿ ಹಿಡಿಯುವ ಫೋನಿದೆ. ಈ ಹುಣ್ಣಿವೆಗೆ ಗುಡ್ಡಕ್ಕೆ ಹೋಗಿ. ಹುಲಕುಂದಕ್ಕೆ, ಸಂಗೊಳ್ಳಿಗೆ, ನಿಮ್ಮ ನಿಮ್ಮ ಕೇರಿಗೆ ಹೋಗಿ. ಹಾಡು ಪೂರ್ತಿ ಹಿಡಿಯಿರಿ, ಹತ್ತು ನಿಮಿಷಕ್ಕೆ ಕೊಯ್ಯಬೇಡಿ. ಹಾಡುವ ಮೊದಲು ಅವರನ್ನು ಕೇಳಿ, ಅವರು ಒಪ್ಪಿದರಷ್ಟೇ ಹಿಡಿಯಿರಿ. ಅವರ ದಿನದ ಕೂಲಿ ಅವರ ಕೈಗಿಡಿ. ನಿಲಯಗಳಿಗೆ ಪತ್ರ ಬರೆಯಿರಿ: ನಿಮ್ಮಲ್ಲಿರುವ ಹಳೆಯ ಜಾನಪದ ಮುದ್ರಣಗಳನ್ನು ಹಾಕುವಾಗ ಹಾಡಿದವರ ಹೆಸರು, ಊರು ಹೇಳಿ ಎಂದು ಕೇಳಿ. ಕೇಳುವುದು ನಮ್ಮ ಹಕ್ಕು, ಭಿಕ್ಷೆಯಲ್ಲ.

ಹಾಡು ಶುರುವಾಗುವ ಮುನ್ನ ಒಂದು ಮಾತು ಬಿಡದೆ ಕೇಳಿ: "ಯವ್ವಾ, ನಿನ್ನ ಹೆಸರೇನು?" ಅವಳು ಹೇಳುವಷ್ಟು ಹೊತ್ತು ಕಾಯಿರಿ.